ಮೀಠಿಯ ದಡದಲ್ಲಿ ಕುಳಿತು ಘಟ್ಟಕ್ಕೆ ಅಳುವವರು

ಹೋದ ಜೂನ್‌ನಲ್ಲಿ ಕುರ್ಲಾದ ಒಂದು ಸಭಾಭವನದಲ್ಲಿ ನಮ್ಮವರೇ ಸೇರಿ ಪರಿಸರ ದಿನ ಆಚರಿಸಿದರು. ವೇದಿಕೆಯ ಹಿಂದೆ ಜೋಗದ ದೊಡ್ಡ ಚಿತ್ರ. ಭಾಷಣಗಳಲ್ಲಿ ಎತ್ತಿನಹೊಳೆ ಬಂತು, ಶರಾವತಿ ಕಣಿವೆಯ ಪಂಪ್ಡ್ ಸ್ಟೋರೇಜ್ ಯೋಜನೆ ಬಂತು, ಸಿಂಗಳೀಕ ಬಂತು, ಕುಸಿದ ಘಟ್ಟ ಬಂತು. ಯಾವ ಮಾತೂ ಸುಳ್ಳಲ್ಲ. ಕೊನೆಗೆ ಪ್ರಶ್ನೆ ಕೇಳಿ ಎಂದರು. ನಾನು ಎದ್ದು, "ಹಳಿಯ ಆಚೆ ಮೀಠಿ ನದಿ ಹರಿಯುತ್ತಿದೆಯಲ್ಲ, ಅದರ ಬಗ್ಗೆ ಸಂಘದಿಂದ ಏನಾದರೂ ಮಾಡಬಹುದಾ?" ಎಂದೆ. ವೇದಿಕೆಯ ಮೇಲಿದ್ದ ಹಿರಿಯರು ಮೈಕ್ ಹತ್ತಿರ ಎಳೆದುಕೊಂಡು, "ಅದು ನಾಲಾ ಮಾರಾಯ್ರೆ, ನದಿ ಎಲ್ಲಿಂದ ಬಂತು? ನಾವು ಊರಿನ ವಿಷಯ ಮಾತಾಡುವಾ" ಎಂದರು. ಸಭೆ ನಕ್ಕಿತು. ಸುಮ್ಮನಿರಲಾರದೆ ನಾನೂ ನಕ್ಕು ಕುಳಿತೆ.

ಆ ನಗುವಿನ ಬಗ್ಗೆ ನನಗೆ ಇನ್ನೂ ನಾಚಿಕೆ ಇದೆ. ಅವತ್ತು ಹೇಳದೆ ಬಿಟ್ಟ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಾಲಾ ಎಲ್ಲಿಂದ ಬಂತು ಎನ್ನುವ ಪ್ರಶ್ನೆ. ವಿಹಾರ್ ಮತ್ತು ಪವಾಯಿ ಕೆರೆಗಳು ಮಳೆಗಾಲದಲ್ಲಿ ತುಂಬಿ ಚೆಲ್ಲುವ ನೀರೇ ಮೀಠಿ. ವಿಹಾರ್ ಇರುವುದು ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಕಾಡಿನೊಳಗೆ. ಚಿರತೆ ಬಾಯಿ ಹಾಕಿ ಕುಡಿಯುವ ನೀರು ಅಲ್ಲಿಂದ ಹೊರಟು, ಆರೆಯನ್ನು ಹಾದು, ಸಾಕಿನಾಕಾದ ಗ್ಯಾರೇಜು ಗೋದಾಮುಗಳ ಹಿಂಬದಿಗೆ ಬಂದು, ವಿಮಾನ ನಿಲ್ದಾಣದ ರನ್‌ವೇ ಕೆಳಗೆ ತೂರಿ, ಕುರ್ಲಾಕ್ಕೆ ಬರುತ್ತದೆ. ಆಮೇಲೆ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸನ್ನು ಬಳಸಿ ಮಾಹಿಮ್ ಖಾಡಿಯಲ್ಲಿ ಸಮುದ್ರ ಸೇರುತ್ತದೆ. ಒಟ್ಟು ಹದಿನೆಂಟು ಕಿಲೋಮೀಟರ್‌ನಷ್ಟು ದಾರಿ. ಹುಟ್ಟುವಾಗ ಕಾಡಿನ ಹೊಳೆ, ಸಾಯುವಾಗ ಕಾಂಡ್ಲಾ ಗಿಡಗಳ ಅಳಿವೆ. ನಡುವಿನ ಭಾಗವನ್ನು ನಾಲಾ ಮಾಡಿದ್ದು ನಾವು.

ಕುರ್ಲಾ ಎಂಬ ಹೆಸರು 'ಕುರ್ಲಿ'ಯಿಂದ ಬಂತು ಎನ್ನುತ್ತಾರೆ. ಮರಾಠಿ, ಕೊಂಕಣಿ ಬಲ್ಲವರಿಗೆ ಕುರ್ಲಿ ಎಂದರೆ ಏಡಿ ಎಂದು ಬಿಡಿಸಿ ಹೇಳಬೇಕಿಲ್ಲ. ಇಲ್ಲಿನ ಜೌಗು ನೆಲದಲ್ಲಿ ಅಷ್ಟು ಏಡಿಗಳಿದ್ದವಂತೆ. ಕಾಂಡ್ಲಾ ಕಾಡಿನ ಏಡಿ ಬರೀ ಸಾರಿನ ಪದಾರ್ಥವಲ್ಲ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ವಿಜ್ಞಾನಿಗಳು ಕಾಂಡ್ಲಾ ಕಾಡಿನ ಕೆಲವು ತುಂಡುಗಳಿಂದ ಏಡಿಗಳನ್ನು ಹಿಡಿದು ತೆಗೆದು, ಉಳಿದ ಕಡೆ ಬಿಟ್ಟು, ಹೋಲಿಸಿ ನೋಡಿದರು. 1991ರಲ್ಲಿ ಪ್ರಕಟವಾದ ಅಧ್ಯಯನ ಅದು. ಏಡಿ ಇಲ್ಲದ ಕಡೆ ಕೆಸರಿಗೆ ಗಾಳಿಯಾಡದೆ ಸಲ್ಫೈಡ್ ಕಟ್ಟಿಕೊಂಡಿತು, ಗಿಡಗಳ ಬೆಳವಣಿಗೆ ಕುಗ್ಗಿತು. ಏಡಿ ತೋಡುವ ಬಿಲವೇ ಆ ಕಾಡಿನ ಉಸಿರಿನ ದಾರಿ. ಕಾಂಡ್ಲಾ ಕಾಡು ಉಳಿದರೆ ಉಬ್ಬರದ ಅಬ್ಬರ ತಗ್ಗುತ್ತದೆ, ಮೀನಿನ ಮರಿಗಳಿಗೆ ಮನೆ ಸಿಗುತ್ತದೆ. ಏಡಿಯ ಹೆಸರು ಹೊತ್ತ ಊರಿನಲ್ಲಿ ಬಾಡಿಗೆ ಕಟ್ಟುತ್ತಿರುವ ನಮಗೆ ಇಷ್ಟಾದರೂ ಗೊತ್ತಿರಬೇಕು.

ಈಗ ನನ್ನ ಮುಖ್ಯ ತಕರಾರಿಗೆ ಬರುತ್ತೇನೆ. ನಮ್ಮ ಕಾಲದ ಪರಿಸರಪ್ರೇಮಕ್ಕೆ ಒಂದು ಚಾಳಿ ಅಂಟಿದೆ. ಕಷ್ಟ ಕೊಡುವುದನ್ನು ಎತ್ತಿ ಬೇರೆ ಕಡೆ ಬಿಟ್ಟು ಬರುವುದು, ಬಿಟ್ಟು ಬಂದದ್ದಕ್ಕೆ ಸಂರಕ್ಷಣೆ ಎಂದು ಹೆಸರಿಡುವುದು. ಚಿರತೆಯನ್ನು ಎತ್ತುತ್ತೇವೆ, ಮರವನ್ನು ಎತ್ತುತ್ತೇವೆ, ಮನುಷ್ಯರನ್ನೂ ಎತ್ತುತ್ತೇವೆ. ವಲಸೆ ಬಂದ ನಾವಂತೂ ಪ್ರೀತಿಯನ್ನೇ ಎತ್ತಿ ಊರಲ್ಲಿ ಇಟ್ಟು ಬಂದಿದ್ದೇವೆ. ಹೀಗೆ ಎತ್ತಿ ಇಟ್ಟದ್ದು ಉಳಿಯುವುದಿಲ್ಲ ಎಂದು ಸಂಶೋಧನೆಗಳು ಒಂದರ ಹಿಂದೆ ಒಂದು ಹೇಳುತ್ತಿವೆ.

ಚಿರತೆಯಿಂದ ಶುರು ಮಾಡೋಣ. ಪುಣೆ ಜಿಲ್ಲೆಯ ಜುನ್ನರ್‌ನಲ್ಲಿ ಕಬ್ಬಿನ ಗದ್ದೆಗಳೇ ಚಿರತೆಗಳ ಮನೆ. 1993ರಿಂದ 2001ರವರೆಗೆ ಅಲ್ಲಿ ವರ್ಷಕ್ಕೆ ಸರಾಸರಿ ನಾಲ್ಕು ಸಲ ಮನುಷ್ಯರ ಮೇಲೆ ದಾಳಿಯಾಗುತ್ತಿತ್ತು. 2001ರಲ್ಲಿ ಚಿರತೆಗಳನ್ನು ಬೋನಿನಲ್ಲಿ ಹಿಡಿದು ದೂರದ ಕಾಡುಗಳಿಗೆ ಬಿಡುವ ಕೆಲಸ ದೊಡ್ಡದಾಗಿ ಶುರುವಾಯಿತು. ಆಮೇಲೆ ದಾಳಿ ಕಡಿಮೆಯಾಗಬೇಕಿತ್ತು. ಆದದ್ದು ವರ್ಷಕ್ಕೆ ಹದಿನೇಳು. ಸತ್ತವರ ಪ್ರಮಾಣವೂ ಏರಿತು. ವಿದ್ಯಾ ಆತ್ರೇಯ ಮತ್ತು ಜೊತೆಗಾರರು 2011ರಲ್ಲಿ ಪ್ರಕಟಿಸಿದ ಈ ಲೆಕ್ಕ ಅರಣ್ಯ ಇಲಾಖೆಗಳ ಹಳೆಯ ನಂಬಿಕೆಯನ್ನೇ ಅಲುಗಿಸಿತು. ಕಾರಣ ಊಹಿಸಲು ಕಷ್ಟವಿಲ್ಲ. ಪರಿಚಯವಿಲ್ಲದ ಜಾಗ, ಬೋನಿನ ಗಾಬರಿ, ಗಾಯ, ಅಲ್ಲಿ ಮೊದಲೇ ಇರುವ ಚಿರತೆಗಳ ಕಾಟ. ಇತ್ತ ಖಾಲಿಯಾದ ಜಾಗಕ್ಕೆ ಇನ್ನೊಂದು ಬಂದು ಸೇರುತ್ತದೆ. ಮುಂಬೈಯಲ್ಲೂ ಬೇರೆ ಕಡೆ ಹಿಡಿದ ಚಿರತೆಗಳನ್ನು ತಂದು ರಾಷ್ಟ್ರೀಯ ಉದ್ಯಾನಕ್ಕೆ ಬಿಡಲಾಗಿತ್ತು. 2004ರ ಸುಮಾರಿನಲ್ಲಿ ಉದ್ಯಾನದ ಸುತ್ತ ದಾಳಿಗಳು ಏರಿ ಜನ ಸತ್ತದ್ದನ್ನು ಹಳಬರು ಮರೆತಿರಲಾರರು. 2011ರಲ್ಲಿ ಕೇಂದ್ರ ಪರಿಸರ ಸಚಿವಾಲಯವೇ ಮಾರ್ಗಸೂಚಿ ಹೊರಡಿಸಿ, ಕಂಡಕಂಡಲ್ಲಿ ಹಿಡಿದು ಸಾಗಿಸಬೇಡಿ ಎಂದಿತು.

2015ರಲ್ಲಿ ನಿಕಿತ್ ಸುರ್ವೆ ಕ್ಯಾಮೆರಾ ಟ್ರ್ಯಾಪ್ ಇಟ್ಟು ಉದ್ಯಾನ ಮತ್ತು ಆಸುಪಾಸಿನಲ್ಲಿ 35 ಚಿರತೆಗಳನ್ನು ಗುರುತಿಸಿದರು. 2018ರ ಎಣಿಕೆಯಲ್ಲಿ 47 ಸಿಕ್ಕವು. ಇಷ್ಟು ದಟ್ಟವಾಗಿ ಚಿರತೆಗಳು, ಇಷ್ಟು ದಟ್ಟವಾದ ಜನರ ಪಕ್ಕದಲ್ಲಿ ಬಾಳುತ್ತಿರುವ ಜಾಗ ಜಗತ್ತಿನಲ್ಲಿ ಅಪರೂಪ. ಅವು ಇಲ್ಲಿ ತಿನ್ನುವುದರಲ್ಲಿ ಬೀದಿನಾಯಿಯದು ದೊಡ್ಡ ಪಾಲು. 2018ರ ಇನ್ನೊಂದು ಅಧ್ಯಯನದ ಅಂದಾಜಿನಲ್ಲಿ ಈ ಚಿರತೆಗಳು ವರ್ಷಕ್ಕೆ ಸುಮಾರು 1,500 ನಾಯಿಗಳನ್ನು ತಿನ್ನುತ್ತವೆ, ಅದರಿಂದ ಸಾವಿರದಷ್ಟು ನಾಯಿಕಡಿತ ತಪ್ಪುತ್ತದೆ. ಅಂದಾಜು ಅಂದಾಜೇ, ಅದನ್ನು ಹೊಗಳುವುದಕ್ಕೆ ನಾನಿಲ್ಲ. ಆದರೆ ನಮ್ಮ ಕಸಕ್ಕೆ ನಾಯಿ, ನಾಯಿಗೆ ಚಿರತೆ ಎಂಬ ಸರಪಳಿ ನಮ್ಮ ಸೊಸೈಟಿಯ ಗೇಟಿನ ಹೊರಗೇ ಶುರುವಾಗುತ್ತದೆ ಎಂಬುದು ಗೊತ್ತಿರಲಿ.

ಸಹಬಾಳ್ವೆ ಎಂದರೆ ಎಲ್ಲವೂ ಸುಸೂತ್ರ ಎಂದು ನಾನು ಹೇಳುತ್ತಿಲ್ಲ. 2022ರ ಅಕ್ಟೋಬರಿನಲ್ಲಿ, ದೀಪಾವಳಿಯ ದಿನ, ಆರೆಯಲ್ಲಿ ಚಿರತೆಯೊಂದು ಒಂದೂವರೆ ವರ್ಷವೂ ತುಂಬದ ಹೆಣ್ಣುಮಗುವನ್ನು ಕೊಂದಿತು. ಚಿರತೆಯನ್ನು ಬರೀ ಚೆಂದದ ಫೋಟೋದಲ್ಲಿ ನೋಡುವವರು ಈ ಸಾವನ್ನು ದಾಟಿ ಮುಂದೆ ಹೋಗಬಾರದು. ಈ ಸಹಬಾಳ್ವೆಯ ಬೆಲೆ ತೆರುವವರು ಇಪ್ಪತ್ತನೇ ಮಹಡಿಯವರಲ್ಲ. ಮನೆಯಲ್ಲಿ ಶೌಚಾಲಯವಿಲ್ಲದವರು, ದಾರಿದೀಪವಿಲ್ಲದ ಕಡೆ ಕತ್ತಲಲ್ಲಿ ನಡೆಯುವವರು ತೆರುತ್ತಾರೆ. ಅವರಿಗೆ ಬೇಕಾದದ್ದು ದೀಪ, ಕಕ್ಕಸು, ಹೊತ್ತುಹೊತ್ತಿಗೆ ಕಸದ ಗಾಡಿ. ದೀಪ ಹಾಕುವುದಕ್ಕಿಂತ ಬೋನು ಇಡುವುದು ಸುಲಭ, ಟಿವಿಗೂ ಚೆನ್ನಾಗಿ ಕಾಣುತ್ತದೆ.

ಇಲ್ಲಿನ ವಾರ್ಲಿ ಆದಿವಾಸಿಗಳಿಗೆ ವಾಘೋಬಾ ದೇವರು. ಹುಲಿ, ಚಿರತೆ ಎರಡೂ ಅವನೇ. ಅವನೊಂದಿಗೆ ಅವರ ಲೇವಾದೇವಿ ಹೇಗೆ ನಡೆಯುತ್ತದೆ ಎಂಬುದರ ಮೇಲೆ 2021ರಲ್ಲಿ ಒಂದು ಸಂಶೋಧನಾ ಲೇಖನವೇ ಬಂತು. ನಮಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ತುಳುನಾಡಿನವರಿಗೆ ಪಿಲಿಚಾಮುಂಡಿ ಇದ್ದಾಳೆ, ಘಟ್ಟದ ಮೇಲಿನವರಿಗೆ ಹುಲಿಯಪ್ಪ ಇದ್ದಾನೆ. ರಜೆ ಹಾಕಿ ಊರಿಗೆ ಹೋಗಿ ಕೋಲದ ಮುಂದೆ ಕೈಮುಗಿದು ಬರುತ್ತೇವೆ. ವಾಪಸು ಬಂದ ವಾರದಲ್ಲಿ ಯಾವುದೋ ಸೊಸೈಟಿಯ ಸಿಸಿಟಿವಿಯಲ್ಲಿ ಚಿರತೆ ದಾಟಿದ ವಿಡಿಯೋ ಬಂದರೆ, "ಇವನ್ನೆಲ್ಲ ಹಿಡಿದು ಕಾಡಿಗೆ ಬಿಡಬಾರದಾ?" ಎಂದು ಗ್ರೂಪಿನಲ್ಲಿ ಬರೆಯುವವರೂ ನಾವೇ. ಯಾವ ಕಾಡಿಗೆ? ಕುದುರೆಮುಖಕ್ಕಾ, ಕಾಳಿ ಕಣಿವೆಗಾ? ಅಲ್ಲಿಯೂ ಇದೇ ಕೂಗು. ಹಾಸನದ ಆಲೂರು ಕಡೆಯಿಂದ 2014ರ ಸುಮಾರಿಗೆ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿದು ಸಾಗಿಸಿದರು. ಬರಿದಾದ ಜಾಗಕ್ಕೆ ಬೇರೆ ಆನೆಗಳು ಬಂದವು. ಶ್ರೀಲಂಕಾದಲ್ಲಿ ಹೀಗೆ ಸಾಗಿಸಿದ ಹನ್ನೆರಡು ಗಂಡಾನೆಗಳಿಗೆ ಕಾಲರ್ ಕಟ್ಟಿ ನೋಡಿ 2012ರಲ್ಲಿ ವರದಿ ಮಾಡಿದರು. ಕೆಲವು ಹಿಡಿದ ಜಾಗದ ಕಡೆಗೇ ನಡೆದು ಹೊರಟವು, ಕೆಲವು ದಿಕ್ಕೆಟ್ಟು ಅಲೆದವು, ಕೆಲವೇ ಬಿಟ್ಟ ಕಡೆಯ ಆಸುಪಾಸಿನಲ್ಲಿ ನಿಂತವು. ಜಗಳವೂ ಆನೆಯ ಜೊತೆಗೇ ಪ್ರಯಾಣ ಮಾಡಿತ್ತು.

ಎಲ್ಲಿಂದಲೋ ತಂದು ಬಿಟ್ಟ ಪ್ರಾಣಿ ದಿಕ್ಕೆಟ್ಟು ಅಲೆಯುವುದು ಹೇಗಿರುತ್ತದೆ ಎಂದು ಲೋಕಮಾನ್ಯ ತಿಲಕ್ ಟರ್ಮಿನಸ್ಸಿನಲ್ಲಿ ಟ್ರಂಕು ಇಳಿಸಿ ನಿಂತ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ನಾವಿನ್ನೂ ಅದನ್ನು ಕುರ್ಲಾ ಟರ್ಮಿನಸ್ ಎಂದೇ ಕರೆಯುತ್ತೇವೆ. 2009ರಲ್ಲಿ ಅಹ್ಮದನಗರ ಜಿಲ್ಲೆಯ ಬಾವಿಯೊಂದರಿಂದ ಎತ್ತಿದ ಮುದಿ ಗಂಡು ಚಿರತೆಗೆ ಕಾಲರ್ ಕಟ್ಟಿ ಮಾಳಶೇಜ್ ಘಾಟಿಯಲ್ಲಿ ಬಿಟ್ಟರು. ಅದು ಹೆದ್ದಾರಿ ದಾಟಿ, ಕಸಾರಾ ಬಳಿ ರೈಲು ಹಳಿ ದಾಟಿ, ವಸಯಿ ಖಾಡಿಯನ್ನು ಈಜಿ, ಸುಮಾರು 120 ಕಿಲೋಮೀಟರ್ ನಡೆದು ಮುಂಬೈಯ ಕಾಡಿಗೆ ಬಂತು. ದಾರಿಯಲ್ಲಿ ಒಬ್ಬರಿಗೂ ತೊಂದರೆ ಮಾಡಲಿಲ್ಲ. ಅಜೋಬಾ, ಅಂದರೆ ಅಜ್ಜ, ಎಂದು ಅದಕ್ಕೆ ಹೆಸರಿಟ್ಟರು. 2011ರಲ್ಲಿ ಅಹ್ಮದಾಬಾದ್ ಹೆದ್ದಾರಿಯಲ್ಲಿ ಯಾವುದೋ ವಾಹನ ಹೊಡೆದು ಅದು ಸತ್ತಿತು. 2014ರಲ್ಲಿ ಅದರ ಮೇಲೆ ಮರಾಠಿ ಸಿನಿಮಾ ಬಂತು. ಅಜೋಬಾಗೆ ಮುಂಬೈ ಆರಿಸಿಕೊಳ್ಳಲು ಯಾರ ಅಪ್ಪಣೆಯೂ ಬೇಕಾಗಲಿಲ್ಲ. ಅವನನ್ನು 'ಹೊರಗಿನವನು' ಎನ್ನುವ ಹಕ್ಕು ನಮಗೆ, ಅದೂ ನಮಗೆ, ಇದೆಯೇ?

ಇನ್ನು ಮರಗಳ ಮಾತು. ಕಾಂಡ್ಲಾ ಕಾಡಿನ ನಾಶ ಬದುಕುವ ಹಕ್ಕಿನ ಮೇಲೇ ಹೊಡೆತ ಎಂದು ಬಾಂಬೆ ಹೈಕೋರ್ಟು 2018ರಲ್ಲಿ ಹೇಳಿತು, ಸಾರ್ವಜನಿಕ ಹಿತಕ್ಕೆ ಅನಿವಾರ್ಯವಾದರೆ ಮಾತ್ರ ಕೋರ್ಟಿನ ಅನುಮತಿ ಪಡೆದು ಕಡಿಯಬಹುದು ಎಂದಿತು. 2022ರ ಡಿಸೆಂಬರಿನಲ್ಲಿ ಅದೇ ಹೈಕೋರ್ಟು ಬುಲೆಟ್ ಟ್ರೇನಿಗಾಗಿ ಮುಂಬೈ, ಠಾಣೆ, ಪಾಲ್ಘರ್‌ಗಳಲ್ಲಿ ಇಪ್ಪತ್ತು ಸಾವಿರದಷ್ಟು ಕಾಂಡ್ಲಾ ಗಿಡಗಳನ್ನು ಕಡಿಯಲು ಒಪ್ಪಿತು. ಆ ಟ್ರೇನಿನ ನಿಲ್ದಾಣ ನಮ್ಮ ಮಗ್ಗುಲಲ್ಲೇ, ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನಲ್ಲಿ. ಒಂದು ಕಡಿದರೆ ಐದು ನೆಡುತ್ತೇವೆ ಎಂಬ ಮಾತು ಅಲ್ಲಿ ಬಂತು. ಕೇಳಲು ಲಾಭದ ವ್ಯಾಪಾರ. ಆದರೆ ಶ್ರೀಲಂಕಾದಲ್ಲಿ ಸುನಾಮಿಯ ನಂತರ ಸಾವಿರಕ್ಕೂ ಹೆಚ್ಚು ಹೆಕ್ಟೇರಿನಲ್ಲಿ ನೆಟ್ಟ ಕಾಂಡ್ಲಾವನ್ನು ಹೋಗಿ ನೋಡಿದವರು 2017ರಲ್ಲಿ ಬರೆದ ವರದಿ ಓದಿ. ಉಳಿದದ್ದು ಇನ್ನೂರು ಚಿಲ್ಲರೆ ಹೆಕ್ಟೇರು. ನೋಡಿದ 23 ಜಾಗಗಳಲ್ಲಿ ಒಂಬತ್ತರಲ್ಲಿ ಒಂದು ಗಿಡವೂ ಬದುಕಿರಲಿಲ್ಲ. ಗಿಡ ನೆಡಬಹುದು. ಅದಕ್ಕೆ ಬೇಕಾದ ಉಬ್ಬರವಿಳಿತದ ಲೆಕ್ಕ, ಸಿಹಿನೀರು ಉಪ್ಪುನೀರಿನ ಬೆರಕೆ, ಕೆಸರು ಉಳುವ ಏಡಿ, ಇವನ್ನು ನರ್ಸರಿಯ ಪ್ಲಾಸ್ಟಿಕ್ ಚೀಲದಲ್ಲಿ ತರಲಾಗದು.

ಮನುಷ್ಯರನ್ನು ಎತ್ತುವುದು ಎಲ್ಲಕ್ಕಿಂತ ಹಳೆಯ ಅಭ್ಯಾಸ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಇಪ್ಪತ್ತನಾಲ್ಕು ಗಂಟೆಯಲ್ಲಿ 944 ಮಿಲಿಮೀಟರ್ ಮಳೆ ಬಿತ್ತು, ಮೀಠಿ ಉಕ್ಕಿ ಕುರ್ಲಾ ಮುಳುಗಿತು. ಅಂದಿನಿಂದ ದಡದ ಝೋಪಡಿಗಳೇ ಅಪರಾಧಿ ಎಂಬ ಮಾತು ನಮ್ಮ ಬಾಯಿಗೆ ಸಲೀಸಾಗಿ ಬರುತ್ತದೆ. ಅವು ನದಿಗೆ ಒತ್ತಿಕೊಂಡಿವೆ ಎಂಬುದು ನಿಜವೇ. ಆದರೆ ನದಿಯ ಹರಿವನ್ನು ಮೂಲೆಗೆ ತಿರುಗಿಸಿದ ರನ್‌ವೇ ಝೋಪಡಿಯವರದ್ದಲ್ಲ. ಜೌಗು ತುಂಬಿಸಿ ಎಬ್ಬಿಸಿದ ಗಾಜಿನ ಕಟ್ಟಡಗಳೂ ಅವರದ್ದಲ್ಲ. ಆ ಕಟ್ಟಡಗಳಲ್ಲಿ ಒಂದರ ಎಸಿಯಲ್ಲಿ ಕುಳಿತೇ ನಾನು ಸಂಬಳ ಎಣಿಸುತ್ತೇನೆ. ನದಿಯ ನೆಲ ನುಂಗಿದ್ದಕ್ಕೆ ಒಬ್ಬರಿಗೆ ಅತಿಕ್ರಮಣದ ನೋಟಿಸು, ಇನ್ನೊಬ್ಬರಿಗೆ ಅಭಿವೃದ್ಧಿಯ ಬಿರುದು.

2025ರ ಆಗಸ್ಟ್ 19ರಂದು ಮೀಠಿ ಅಪಾಯದ ಮಟ್ಟ ದಾಟಿದಾಗ ಕುರ್ಲಾದ ಕ್ರಾಂತಿನಗರದ ನೂರಾರು ಜನರನ್ನು ಮನೆಗಳಿಂದ ಹೊರತಂದರು. ಅದೇ ವರ್ಷ ಮೇ ತಿಂಗಳಲ್ಲಿ ಮೀಠಿಯ ಹೂಳೆತ್ತುವ ಕೆಲಸದಲ್ಲಿ 65 ಕೋಟಿ ರೂಪಾಯಿಯ ಮೋಸವಾಗಿದೆ ಎಂಬ ಆರೋಪದ ಮೇಲೆ ಮುಂಬೈ ಪೊಲೀಸರ ಆರ್ಥಿಕ ಅಪರಾಧ ವಿಭಾಗ ಪ್ರಕರಣ ದಾಖಲಿಸಿತ್ತು. ತಪ್ಪು ಯಾರದ್ದೆಂದು ಕೋರ್ಟು ತೀರ್ಮಾನಿಸಲಿ. ಹೂಳು ಎದೆಮಟ್ಟಕ್ಕೆ ಬಂದದ್ದು ಯಾರಿಗೆ ಎಂಬುದಕ್ಕೆ ಕೋರ್ಟು ಬೇಡ. ಇನ್ನು ಸ್ಥಳಾಂತರಿಸಿದರೆ ಎಲ್ಲಿಗೆ? ತಾನ್ಸಾ ಪೈಪ್‌ಲೈನ್ ಪಕ್ಕದಿಂದ ಎಬ್ಬಿಸಿದವರನ್ನು ಮಾಹುಲ್‌ಗೆ, ರಿಫೈನರಿಗಳ ಹೊಗೆಯೊಳಗೆ ಕಳಿಸಿದರು. ಬಲವಂತವಾಗಿ ಯಾರನ್ನೂ ಅಲ್ಲಿಗೆ ಕಳಿಸಬೇಡಿ ಎಂದು ಹೈಕೋರ್ಟು ಹೇಳುವಷ್ಟರಲ್ಲಿ 2019 ಬಂದಿತ್ತು. ಜುನ್ನರ್‌ನ ಚಿರತೆಗೆ ಮಾಡಿದ್ದು ಇದನ್ನೇ ಅಲ್ಲವೇ?

ಈಗ ನಮ್ಮ ಸರದಿ. ಮಧ್ಯಾಹ್ನ ಕುರ್ಲಾದಿಂದ ಮತ್ಸ್ಯಗಂಧ ಹೊರಡುತ್ತದೆ. ಟರ್ಮಿನಸ್ಸಿನ ಸುತ್ತ ಮೂಗು ಮುಚ್ಚಿ ಕೂರುತ್ತೇವೆ. ಬೆಳಗಾಗಿ ಊರ ಕಡೆಯ ಹೊಳೆಗಳ ಸೇತುವೆ ಬಂದಾಗ ಬಾಗಿಲಲ್ಲಿ ನಿಂತು ಫೋಟೋ ತೆಗೆಯುತ್ತೇವೆ. ಮೀನಿನ ವಾಸನೆಯ ಹೆಸರಿನ ರೈಲು, ಏಡಿಯ ಹೆಸರಿನ ಊರು, ನಮಗೆ ಮಾತ್ರ ಎರಡರ ವಾಸನೆಯೂ ಆಗದು. "ಊರಿನ ಮೇಲೆ ಪ್ರೀತಿ ಇಡುವುದು ತಪ್ಪಾ?" ಎಂದು ಆ ಹಿರಿಯರು ಕೇಳಬಹುದು. ತಪ್ಪಲ್ಲ. ಶರಾವತಿಗೆ ದನಿ ಬೇಕು, ನೇತ್ರಾವತಿಗೂ ಬೇಕು. ಆದರೆ ಮುಂಬೈಯಿಂದ ಘಟ್ಟಕ್ಕೆ ಅಳುವುದಕ್ಕೆ ಖರ್ಚಿಲ್ಲ. ಅಲ್ಲಿನ ಎಂಜಿನಿಯರು, ಗುತ್ತಿಗೆದಾರ, ಶಾಸಕ ಯಾರಿಗೂ ನಮ್ಮ ಮತ ಬೇಕಿಲ್ಲ. ನಮ್ಮ ಮತ, ನಮ್ಮ ತೆರಿಗೆ, ನಮ್ಮ ಕಸ, ನಮ್ಮ ಕಕ್ಕಸಿನ ನೀರು ಎಲ್ಲವೂ ಇಲ್ಲಿವೆ. ನಮ್ಮ ಮಾತಿಗೆ ತೂಕ ಇರುವ ಜಾಗದಲ್ಲಿ ನಾವು ಬಾಯಿ ಮುಚ್ಚಿದ್ದೇವೆ.

"ನಾವು ಹೊರಗಿನವರು, ನಮಗ್ಯಾಕೆ?" ಎಂಬ ಇನ್ನೊಂದು ಮಾತೂ ಕೇಳುತ್ತೇನೆ. ಮೂರು ತಲೆಮಾರು ಇಲ್ಲೇ ಹೋಟೆಲು ನಡೆಸಿ, ರಾತ್ರಿಶಾಲೆಯಲ್ಲಿ ಓದಿ, ಫ್ಲ್ಯಾಟು ಕೊಂಡು, ಸಂಘ ಕಟ್ಟಿ, ಭವನ ಎಬ್ಬಿಸಿದ ಜನ ನಾವು. ಬಾಡಿಗೆ ಏರಿಸುವಾಗ, ಪಾರ್ಕಿಂಗ್ ಜಗಳದಲ್ಲಿ ನಾವು ಪಕ್ಕಾ ಮುಂಬೈಕರರು. ನದಿಯ ಮಾತು ಬಂದಾಗ ಮಾತ್ರ ಅತಿಥಿಗಳೇ?

2024ರ ಮೇ 20ರ ರಾತ್ರಿ ಘಾಟ್ಕೋಪರ್ ಮೇಲೆ ಇಳಿಯುತ್ತಿದ್ದ ವಿಮಾನಕ್ಕೆ ರಾಜಹಂಸಗಳ ಹಿಂಡು ಬಡಿದು ಕನಿಷ್ಠ 39 ಹಕ್ಕಿಗಳು ಸತ್ತು ಬಿದ್ದವು. ಕುರ್ಲಾದಿಂದ ಎರಡು ಸ್ಟೇಷನ್ ದೂರ. ಅವೂ ವಲಸೆ ಬಂದವೇ. ಠಾಣೆ ಖಾಡಿಯಲ್ಲಿ ಅವಕ್ಕೆ 2015ರಿಂದ ಅಭಯಾರಣ್ಯ ಇದೆ, 2022ರಿಂದ ಅದು ರಾಮ್ಸಾರ್ ತಾಣವೂ ಹೌದು. ಕಾಗದದ ಮೇಲೆ ಗೆರೆ ಹಾಕಿದರೆ ಹಕ್ಕಿ ಗೆರೆಯೊಳಗೇ ಇರುವುದಿಲ್ಲ. ಉಬ್ಬರ ಬಂದಾಗ ಕೂರಲು ಅದಕ್ಕೆ ಗೆರೆಯಾಚೆಯ ಕೆರೆ, ಜೌಗುಗಳೂ ಬೇಕು. ನಾವೂ ನಮ್ಮ ಪ್ರೀತಿಗೆ ಅಂಥದೇ ಗೆರೆ ಎಳೆದುಕೊಂಡಿದ್ದೇವೆ. ಘಟ್ಟದೊಳಗೆ ಪ್ರಕೃತಿ, ಗೆರೆಯಾಚೆ ನಾಲಾ.

ನಾನು ಕೇಳುವುದು ದೊಡ್ಡದೇನಲ್ಲ. ನಮ್ಮ ಸಂಘಗಳಿಗೆ ಭವನಗಳಿವೆ, ವಕೀಲರಿದ್ದಾರೆ, ಲೆಕ್ಕಪರಿಶೋಧಕರಿದ್ದಾರೆ, ನಿವೃತ್ತ ಎಂಜಿನಿಯರರಿದ್ದಾರೆ. ಮಳೆಗಾಲಕ್ಕೆ ಮೊದಲು ಕುರ್ಲಾದ ಎಲ್ ವಾರ್ಡ್ ಕಚೇರಿಗೆ ಹೋಗಿ, ಮೀಠಿಯಿಂದ ಎಷ್ಟು ಹೂಳು ತೆಗೆದಿರಿ, ಎಲ್ಲಿ ಸುರಿದಿರಿ ಎಂದು ಮಾಹಿತಿ ಹಕ್ಕಿನಲ್ಲಿ ಕೇಳುವುದಕ್ಕೆ ನಾಲ್ಕು ಜನ ಸಾಕು. ಓದುತ್ತಿರುವ ಹುಡುಗ ಹುಡುಗಿಯರು ಇಳಿತದ ಹೊತ್ತಿಗೆ ಮಾಹಿಮ್ ಖಾಡಿಯ ಅಂಚಿನಲ್ಲಿ ಯಾವ ಏಡಿ, ಯಾವ ಹಕ್ಕಿ ಕಂಡಿತು ಎಂದು ತಿಂಗಳಿಗೊಮ್ಮೆ ಬರೆದಿಡಬಹುದು. ಐದು ವರ್ಷ ಬರೆದಿಟ್ಟರೆ ಅದೇ ಸಂಶೋಧನೆಗೆ ಆಧಾರ. ಆರೆಯ ಪಾಡಾಗಳಿಗೆ ದೀಪ, ಶೌಚಾಲಯ ಕೊಡಿ ಎಂಬ ಅರ್ಜಿಗೆ ನಮ್ಮ ಸಹಿಯೂ ಬೀಳಲಿ. ಚಿರತೆ ಕಂಡರೆ ಬೋನು ಬೇಡ ಎನ್ನುವ ಒಬ್ಬರಾದರೂ ಪ್ರತಿ ಸೊಸೈಟಿಯಲ್ಲಿರಲಿ. ಕ್ರಾಂತಿನಗರದವರು ಮುಂದಿನ ಮಳೆಯಲ್ಲಿ ಹೊರಬಂದಾಗ ನಮ್ಮ ಭವನಗಳ ಬಾಗಿಲು ತೆರೆದಿರಲಿ. ಇದನ್ನೆಲ್ಲ ಕನ್ನಡದಲ್ಲಿ ಬರೆದೂ ಇಡೋಣ. ನಮ್ಮ ಕಥೆ ಕವನಗಳಲ್ಲಿ ಲೋಕಲ್ ಟ್ರೇನು ಎಷ್ಟು ಸಲ ಓಡಿದೆಯೋ ಲೆಕ್ಕವಿಲ್ಲ, ಅದು ದಾಟುವ ನದಿ ಒಮ್ಮೆಯಾದರೂ ಹರಿಯಲಿ.

ಮುಂದಿನ ಜೂನ್‌ಗೆ ಮತ್ತೆ ಸಭೆ ಇದೆ. ಜೋಗದ ಚಿತ್ರ ಇರಲಿ, ಅದು ನಮ್ಮದೇ. ಭಾಷಣಗಳು ಮುಗಿದ ಮೇಲೆ ಎಲ್ಲರೂ ಎದ್ದು ಹಳಿ ದಾಟಿ ಮೀಠಿಯ ಸೇತುವೆಯವರೆಗೆ ನಡೆದು ಬರೋಣ ಎಂದು ನಾನು ಮತ್ತೆ ಕೇಳುವವನಿದ್ದೇನೆ. ನಗುವವರು ನಗಲಿ. ಈ ಸಲ ಅವರ ಜೊತೆ ನಾನು ನಗುವುದಿಲ್ಲ.